ಪ್ರವಾದಿ ಜನ್ಮದಿನ: ಒಂದು ಹಳೆಯ ಜಗಳದ ಚರಿತ್ರೆ

ರಬೀವುಲ್ ಅವ್ವಲ್ ತಿಂಗಳು ಹತ್ತಿರವಾಗುತ್ತಿದ್ದಂತೆ ನಮ್ಮ ಊರುಗಳಲ್ಲಿ ಎರಡು ಬಗೆಯ ಕರಪತ್ರಗಳು ಕೈಸೇರತೊಡಗುತ್ತವೆ. ಹಸಿರು ಬಣ್ಣದ ಒಂದರಲ್ಲಿ ಮೆರವಣಿಗೆ ಹೊರಡುವ ಸಮಯ, ಮೌಲೂದ್ ಪಾರಾಯಣ, ಅನ್ನದಾನದ ವಿವರಗಳಿರುತ್ತವೆ. ಇನ್ನೊಂದರಲ್ಲಿ ಮೀಲಾದ್ ಆಚರಣೆ ಬಿದ್‌ಅತ್ ಎಂಬ ತಲೆಬರಹದ ಕೆಳಗೆ ಹದೀಸ್‌ಗಳ ಪಟ್ಟಿ. ಈಗೀಗ ಇವು ಕಾಗದದಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಮೊಬೈಲಿನಲ್ಲಿ ಬರುತ್ತವೆ ಎಂಬುದಷ್ಟೇ ವ್ಯತ್ಯಾಸ. 2025ರ ಸೆಪ್ಟೆಂಬರಿನಲ್ಲಂತೂ ಎರಡೂ ಕಡೆಯ ಉತ್ಸಾಹ ಹೆಚ್ಚಿತ್ತು. ಅದು ಹಿಜರಿ 1447. ಹಿಜರಾದ ಹೊತ್ತಿಗೆ ಪ್ರವಾದಿ ಮುಹಮ್ಮದ್‌(ಸ)ರಿಗೆ 53 ವರ್ಷವಾಗಿತ್ತು ಎಂಬ ಲೆಕ್ಕದಲ್ಲಿ, ಚಾಂದ್ರಮಾನದ ಪ್ರಕಾರ ಅದು ಸಾವಿರದ ಐನೂರನೆಯ ಜನ್ಮವರ್ಷ.

ಕರಾವಳಿಯ ಒಂದು ಮನೆ ನಮಗೆ ಚೆನ್ನಾಗಿ ಗೊತ್ತು. ಅಣ್ಣ ಪ್ರತಿವರ್ಷ ಈ ತಿಂಗಳಲ್ಲಿ ಉಸ್ತಾದರನ್ನು ಕರೆದು ಮೌಲೂದ್ ಓದಿಸುತ್ತಾರೆ. ತುಪ್ಪದ ಅನ್ನ, ಮಾಂಸದ ಸಾರು, ಕೊನೆಯಲ್ಲಿ ಚೀರಣಿ. ಅದೇ ಅಂಗಳದ ಆಚೆ ಬದಿಯಲ್ಲಿರುವ ತಮ್ಮ ಆ ಅನ್ನ ಮುಟ್ಟುವುದಿಲ್ಲ, ಮಕ್ಕಳಿಗೂ ಮುಟ್ಟಲು ಬಿಡುವುದಿಲ್ಲ. ತಾಯಿ ಬದುಕಿರುವ ತನಕ ಈ ವಿಷಯ ಮಾತಿಗೆ ಬರುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅಂಗಳದ ನಡುವೆ ಗೋಡೆ ಎದ್ದಿತು. ಗೋಡೆಗೆ ಆಸ್ತಿಯ ಕಾರಣವೂ ಇದ್ದೀತು. ಆದರೆ ಇಬ್ಬರೂ ಹೇಳುವುದು ದೀನಿನ ಕಾರಣವನ್ನೇ.

ಆಚರಿಸಬೇಕೋ ಬಾರದೋ ಎಂಬ ಪ್ರಶ್ನೆಯನ್ನು ಓದುಗರು ನಮ್ಮನ್ನು ಪ್ರತಿವರ್ಷ ಕೇಳುತ್ತಾರೆ. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಅದಕ್ಕೆ ಅರ್ಹರು ಬೇರೆ ಇದ್ದಾರೆ ಮತ್ತು ಅವರು ಯಾರೂ ಕೊಡದೆ ಉಳಿದಿಲ್ಲ. ನಾವು ಮಾಡಬಹುದಾದದ್ದು ಇಷ್ಟೆ: ಈ ಆಚರಣೆ ಎಲ್ಲಿ, ಯಾರ ಕೈಯಲ್ಲಿ, ಯಾವ ಅಗತ್ಯಕ್ಕೆ ಹುಟ್ಟಿತು, ಅದನ್ನು ವಿರೋಧಿಸಿದವರು ನಿಜವಾಗಿ ವಿರೋಧಿಸಿದ್ದು ಏನನ್ನು ಎಂದು ನೋಡುವುದು. ಹಾಗೆ ನೋಡಿದರೆ ಎರಡೂ ಕರಪತ್ರಗಳು ಚರಿತ್ರೆಯ ಅರ್ಧವನ್ನಷ್ಟೇ ಹೇಳುತ್ತಿವೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ದಿನಾಂಕದ ಮಾತು. ಪ್ರವಾದಿವರ್ಯರು(ಸ) ಜನಿಸಿದ್ದು ಸೋಮವಾರ ಎಂಬುದರಲ್ಲಿ ಸುನ್ನೀ ಪರಂಪರೆಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಸೋಮವಾರದ ಉಪವಾಸದ ಬಗ್ಗೆ ಕೇಳಿದಾಗ ಅವರೇ ಅದು ತಾವು ಹುಟ್ಟಿದ ದಿನ, ತಮಗೆ ದಿವ್ಯವಾಣಿ ಬಂದ ದಿನ ಎಂದು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆದರೆ ತಾರೀಖು? ಮೊದಲ ಚರಿತ್ರಕಾರರಲ್ಲಿ ಒಬ್ಬರಾದ ಇಬ್ನ್ ಇಸ್‌ಹಾಕ್ 12 ಎಂದರು. 2 ಎಂದವರಿದ್ದಾರೆ, 8 ಎಂದವರಿದ್ದಾರೆ, 10 ಎಂದವರಿದ್ದಾರೆ. ಶಿಯಾ ಪರಂಪರೆಯಲ್ಲಿ 17. ಹತ್ತೊಂಬತ್ತನೇ ಶತಮಾನದ ಈಜಿಪ್ಟಿನ ಖಗೋಳಜ್ಞ ಮಹ್ಮೂದ್ ಪಾಷಾ ಲೆಕ್ಕ ಹಾಕಿ 9 ಎಂದರು. ಪ್ರವಾದಿ(ಸ)ಯವರ ಮಾತು, ನಡೆ, ಊಟ, ಉಡುಪು, ನಗು ಎಲ್ಲವನ್ನೂ ಅಷ್ಟೊಂದು ಜತನದಿಂದ ಕಾಪಾಡಿಟ್ಟ ಒಂದು ಸಮುದಾಯಕ್ಕೆ ಅವರ ಜನ್ಮ ತಾರೀಖು ಮಾತ್ರ ಖಚಿತವಾಗಿ ಗೊತ್ತಿಲ್ಲ ಎಂದರೆ ಏನರ್ಥ? ಆ ಮೊದಲ ತಲೆಮಾರುಗಳು ಆ ತಾರೀಖಿನಂದು ವಿಶೇಷವಾಗಿ ಏನನ್ನೂ ಮಾಡುತ್ತಿರಲಿಲ್ಲ ಎಂದೇ ಅರ್ಥ. ಮಾಡುತ್ತಿದ್ದರೆ ಮರೆಯುವ ಪ್ರಶ್ನೆಯೇ ಇರಲಿಲ್ಲ.

ಇದಕ್ಕೆ ಇನ್ನೊಂದು ಪುರಾವೆ ನಾವು ದಿನಾಲೂ ನೋಡುವ ಪಂಚಾಂಗದಲ್ಲಿದೆ. ಖಲೀಫಾ ಉಮರ್‌(ರ)ರ ಕಾಲದಲ್ಲಿ, ಹಿಜರಿ 17ರ ಸುಮಾರಿಗೆ, ಆಡಳಿತದ ಪತ್ರಗಳಿಗೆ ವರ್ಷ ನಮೂದಿಸುವುದು ಹೇಗೆ ಎಂಬ ಸಮಸ್ಯೆ ಬಂತು. ಸಮಾಲೋಚನೆ ನಡೆಯಿತು. ಪ್ರವಾದಿಯವರ ಜನನದಿಂದ ಎಣಿಸುವುದೇ, ದೌತ್ಯದಿಂದಲೇ, ನಿಧನದಿಂದಲೇ? ಆಯ್ಕೆಯಾದದ್ದು ಹಿಜರಾ, ಅಂದರೆ ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ವರ್ಷ. ಕ್ರೈಸ್ತರು ಮುಂದೆ ಯೇಸುವಿನ ಜನನದಿಂದ ಶಕೆ ಎಣಿಸಿದರು. ಮುಸ್ಲಿಮರು ಒಂದು ಸಮಾಜ ಕಟ್ಟಲು ಹೊರಟ ದಿನದಿಂದ ಎಣಿಸಿದರು. ಇದು ಜನ್ಮದಿನದ ಬಗೆಗಿನ ಅಸಡ್ಡೆಯಲ್ಲ, ಯಾವುದು ಮುಖ್ಯ ಎಂಬ ವಿವೇಚನೆ.

ಹಾಗೆಂದು ಜನ್ಮದ ನೆನಪೇ ಇರಲಿಲ್ಲವೆಂದಲ್ಲ. ಅಬ್ಬಾಸಿ ಖಲೀಫಾ ಹಾರೂನ್ ರಶೀದನ ತಾಯಿ ಖೈಝುರಾನ್ ಎಂಟನೇ ಶತಮಾನದ ಕೊನೆಯಲ್ಲಿ ಮಕ್ಕಾದ ಜನ್ಮಗೃಹವನ್ನು ಪ್ರಾರ್ಥನಾ ಸ್ಥಳವಾಗಿ ಮಾಡಿಸಿದಳು. ಗುಲಾಮಳಾಗಿ ಬಂದು ಸಾಮ್ರಾಜ್ಯದ ಅತ್ಯಂತ ಪ್ರಭಾವಿ ಮಹಿಳೆಯಾದವಳು ಆಕೆ. 1183ರಲ್ಲಿ ಮಕ್ಕಾಕ್ಕೆ ಬಂದ ಅಂದಲೂಸಿನ ಯಾತ್ರಿಕ ಇಬ್ನ್ ಜುಬೈರ್, ರಬೀವುಲ್ ಅವ್ವಲ್ ತಿಂಗಳ ಸೋಮವಾರಗಳಲ್ಲಿ ಆ ಮನೆಯನ್ನು ಜನರಿಗಾಗಿ ತೆರೆಯುತ್ತಿದ್ದುದನ್ನು ಬರೆದಿದ್ದಾನೆ. ಇದು ಹಬ್ಬವಲ್ಲ, ಸಂದರ್ಶನ. ಇಂದು ಆ ಜಾಗದಲ್ಲಿ ಒಂದು ಗ್ರಂಥಾಲಯದ ಕಟ್ಟಡವಿದೆ.

ಹಬ್ಬವೆಂದು ಕರೆಯಬಹುದಾದ ಆಚರಣೆಯ ವಿವರ ನಮಗೆ ಮೊದಲು ಸಿಗುವುದು ಫಾತಿಮಿಗಳ ಕೈರೋದಲ್ಲಿ. ಫಾತಿಮಿಗಳು ಇಸ್ಮಾಯಿಲೀ ಶಿಯಾ ಅರಸರು, ತಮ್ಮನ್ನು ಪ್ರವಾದಿಪುತ್ರಿ ಫಾತಿಮಾ(ರ)ರ ವಂಶಸ್ಥರೆಂದು ಹೇಳಿಕೊಂಡವರು. ಅವರ ಆಸ್ಥಾನದಲ್ಲಿ ಪ್ರವಾದಿ(ಸ), ಅಲೀ, ಫಾತಿಮಾ, ಹಸನ್, ಹುಸೈನ್ ಇವರ ಜನ್ಮದಿನಗಳು ನಡೆಯುತ್ತಿದ್ದವು. ಈ ಸಾಲಿನ ಕೊನೆಯಲ್ಲಿ ಇನ್ನೊಂದು ಜನ್ಮದಿನವಿತ್ತು: ಆಗ ಸಿಂಹಾಸನದಲ್ಲಿ ಕುಳಿತಿರುವ ಖಲೀಫನದು! ಈ ಆಚರಣೆ ಯಾಕೆ ಹುಟ್ಟಿತೆಂದು ಹೇಳಲು ಆ ಆರನೆಯ ಹೆಸರೊಂದೇ ಸಾಕು. ಪ್ರವಾದಿ(ಸ)ಯಿಂದ ಆರಂಭಿಸಿ ತನ್ನಲ್ಲಿಗೆ ಬಂದು ನಿಲ್ಲುವ ಒಂದು ವಂಶಾವಳಿಯನ್ನು ಅರಸ ವರ್ಷಕ್ಕೆ ಆರು ಬಾರಿ ಪ್ರಜೆಗಳಿಗೆ ನೆನಪಿಸುತ್ತಿದ್ದ.

ಸಮಾರಂಭದ ಸ್ವರೂಪವೂ ಹಾಗೇ ಇತ್ತು. ರಾತ್ರಿಯಲ್ಲ, ಹಗಲು ಹೊತ್ತು. ಅರಮನೆಯ ಉಗ್ರಾಣದಲ್ಲಿ 20 ಕಿಂಟಾರ್ ಸಕ್ಕರೆಯಿಂದ ಸಿಹಿ ತಯಾರಿಸಿ 300 ತಟ್ಟೆಗಳಲ್ಲಿ ತುಂಬಿಸಿ ಖಾಝಿಗಳಿಗೆ, ಅಧಿಕಾರಿಗಳಿಗೆ, ಕುರ್‌ಆನ್ ಪಾರಾಯಣ ಮಾಡುವವರಿಗೆ, ಖತೀಬರಿಗೆ ಹಂಚುತ್ತಿದ್ದರು. ಮಧ್ಯಾಹ್ನದ ನಮಾಝ್ ಮುಗಿಸಿ ಎಲ್ಲರೂ ಅರಮನೆಯ ಮುಂದೆ ಸೇರುತ್ತಿದ್ದರು. ಖಲೀಫ ಕಿಟಕಿಯಲ್ಲಿ ದರ್ಶನ ಕೊಡುತ್ತಿದ್ದ. ನಗರದ ದೊಡ್ಡ ಮಸೀದಿಗಳ ಖತೀಬರು ಒಬ್ಬರಾದ ಮೇಲೊಬ್ಬರು ಭಾಷಣ ಮಾಡುತ್ತಿದ್ದರು. ಸಿಹಿ ಹೋದದ್ದು ಸರಕಾರಿ ಜನರ ಮನೆಗೆ. ಊರಿನ ಬಡವನ ಪಾಲಿಗೆ ಬಂದದ್ದು ನೋಟ ಮಾತ್ರ.

ಈ ಆಚರಣೆ ಎಷ್ಟು ರಾಜಕೀಯವಾಗಿತ್ತೆಂದರೆ ಒಬ್ಬ ವಝೀರನ ಇಷ್ಟಕ್ಕೆ ಅದು ನಿಲ್ಲಬಹುದಿತ್ತು. ಅಲ್ ಅಫ್ಝಲ್ ಎಂಬ ಪ್ರಬಲ ವಝೀರ ಈ ಜನ್ಮದಿನಗಳನ್ನು ನಿಲ್ಲಿಸಿದ್ದ. 1121ರಲ್ಲಿ ಅವನ ಕೊಲೆಯಾದ ಬಳಿಕ ಅವು ಮತ್ತೆ ಶುರುವಾದವು. 1171ರಲ್ಲಿ ಸಲಾಹುದ್ದೀನ್ ಅಯ್ಯೂಬಿ ಫಾತಿಮಿ ಆಡಳಿತವನ್ನೇ ಕೊನೆಗೊಳಿಸಿದ.

ಎರಡನೇ ಕರಪತ್ರದವರು ಇಲ್ಲಿಗೇ ಕತೆ ಮುಗಿಸುತ್ತಾರೆ. ಶಿಯಾಗಳು ಹುಟ್ಟುಹಾಕಿದ್ದು, ಆದ್ದರಿಂದ ತ್ಯಾಜ್ಯ ಎನ್ನುತ್ತಾರೆ. ಆದರೆ ಚರಿತ್ರೆ ಇಲ್ಲಿಗೆ ಮುಗಿಯುವುದಿಲ್ಲ. ಫಾತಿಮಿಗಳ ಕಡುವಿರೋಧಿಗಳ ನಾಡಿನಲ್ಲೇ, ಅದೇ ಶತಮಾನದಲ್ಲಿ, ಸುನ್ನೀ ಮೀಲಾದ್ ಹುಟ್ಟಿತು. ದಮಸ್ಕಸಿನ ವಿದ್ವಾಂಸ ಅಬೂ ಶಾಮಾ ಬರೆದಿರುವ ಪ್ರಕಾರ ಅದನ್ನು ಮೊದಲು ಆರಂಭಿಸಿದ್ದು ಮೋಸುಲಿನ ಉಮರ್ ಅಲ್ ಮಲ್ಲಾ ಎಂಬ ಸಾಧು. ಅರಸ ನೂರುದ್ದೀನ್ ಝಂಗಿಯ ಗೌರವಕ್ಕೆ ಪಾತ್ರನಾಗಿದ್ದ ವ್ಯಕ್ತಿ. ಅವನ ದಾರಿ ಹಿಡಿದು ಅದನ್ನು ಮಹೋತ್ಸವವಾಗಿ ಬೆಳೆಸಿದ್ದು ಇರ್ಬಿಲಿನ ದೊರೆ ಮುಝಫ್ಫರುದ್ದೀನ್ ಕೋಕ್‌ಬುರಿ.

ಕೋಕ್‌ಬುರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ತುರ್ಕಿ ಭಾಷೆಯಲ್ಲಿ ಈ ಹೆಸರಿಗೆ ನೀಲಿ ತೋಳ ಎಂದರ್ಥ. ಸಲಾಹುದ್ದೀನನ ತಂಗಿಯ ಗಂಡ. 1187ರ ಹಿತ್ತೀನ್ ಯುದ್ಧದಲ್ಲಿ ಸೇನೆಯ ಒಂದು ಪಾರ್ಶ್ವವನ್ನು ಮುನ್ನಡೆಸಿದವನು. 1190ರಿಂದ 1233ರ ತನಕ ಇಂದಿನ ಉತ್ತರ ಇರಾಕಿನ ಇರ್ಬಿಲ್ ಅವನ ಕೈಯಲ್ಲಿತ್ತು. ಅವನ ಮೀಲಾದನ್ನು ಕಣ್ಣಾರೆ ಕಂಡು ಬರೆದವನು ಇಬ್ನ್ ಖಲ್ಲಿಕಾನ್. ಅರಬಿ ಭಾಷೆಯ ಪ್ರಸಿದ್ಧ ಜೀವನಚರಿತ್ರೆ ಕೋಶದ ಕರ್ತೃ, 1211ರಲ್ಲಿ ಇರ್ಬಿಲಿನಲ್ಲೇ ಹುಟ್ಟಿದವನು. ಆದ್ದರಿಂದ ಇದು ಹುಡುಗನೊಬ್ಬ ಕಂಡ ಜಾತ್ರೆಯ ನೆನಪೂ ಹೌದು.

ಸಫರ್ ತಿಂಗಳ ಆರಂಭದಲ್ಲೇ ಕೋಟೆಯ ಬಾಗಿಲಿನಿಂದ ಮೈದಾನದವರೆಗೆ ಮರದ ಮಂಟಪಗಳು ಏಳುತ್ತಿದ್ದವು. ಇಪ್ಪತ್ತಕ್ಕೂ ಹೆಚ್ಚು, ಒಂದೊಂದೂ ನಾಲ್ಕೈದು ಅಂತಸ್ತು. ಒಂದು ದೊರೆಯದು, ಉಳಿದವು ಸರದಾರರವು. ಪ್ರತಿ ಮಂಟಪದಲ್ಲೂ ಹಾಡುಗಾರರು, ನೆರಳಾಟದವರು. ಬಗ್ದಾದ್, ಮೋಸುಲ್, ಸಿಂಜಾರ್, ನಸೀಬೀನ್, ಪರ್ಷಿಯಾದ ಕಡೆಯಿಂದೆಲ್ಲ ವಿದ್ವಾಂಸರು, ಸೂಫಿಗಳು, ಕವಿಗಳು ಬಂದು ಸೇರುತ್ತಿದ್ದರು. ಊರಿನ ಜನ ಕೆಲಸಬೊಗಸೆ ಬಿಟ್ಟು ತಿರುಗಾಡುತ್ತಿದ್ದರು. ದೊರೆ ಪ್ರತಿದಿನ ಅಸರ್ ನಮಾಝಿನ ಬಳಿಕ ಇಳಿದುಬಂದು ಮಂಟಪ ಮಂಟಪದ ಮುಂದೆ ನಿಂತು ಹಾಡು ಕೇಳುತ್ತಿದ್ದ. ಎರಡು ದಿನ ಮೊದಲು ಒಂಟೆ, ದನ, ಕುರಿಗಳ ಹಿಂಡನ್ನು ಡೋಲು ಬಾರಿಸುತ್ತ ಮೈದಾನಕ್ಕೆ ತಂದು ಕೊಯ್ದು ಬೇಯಿಸುತ್ತಿದ್ದರು. ಹಿಂದಿನ ರಾತ್ರಿ ಕೋಟೆಯಿಂದ ಮೇಣದಬತ್ತಿಗಳ ಮೆರವಣಿಗೆ ಇಳಿಯುತ್ತಿತ್ತು. ಕೆಲವು ಬತ್ತಿಗಳು ಎಷ್ಟು ದೊಡ್ಡವೆಂದರೆ ಒಂದೊಂದನ್ನೂ ಹೇಸರಗತ್ತೆಯ ಮೇಲೆ ಕಟ್ಟಿ, ಬೀಳದಂತೆ ಹಿಂದಿನಿಂದ ಒಬ್ಬ ಹಿಡಿದುಕೊಳ್ಳಬೇಕಿತ್ತು.

ಬೆಳಿಗ್ಗೆ ಪ್ರವಚನ. ಆಮೇಲೆ ಊಟ. ಬಡಬಗ್ಗರಿಗೆಲ್ಲ ಬಯಲಿನಲ್ಲಿ ಎಲ್ಲೆಯಿಲ್ಲದ ಪಂಕ್ತಿ. ಇನ್ನೊಬ್ಬ ಚರಿತ್ರಕಾರ ಸಿಬ್ತ್ ಇಬ್ನುಲ್ ಜೌಝಿ, ಊಟ ಮಾಡಿ ಬಂದವನೊಬ್ಬನ ಬಾಯಿಂದ ಕೇಳಿದ್ದೆಂದು 5000 ಕುರಿ, 10,000 ಕೋಳಿ, 30,000 ತಟ್ಟೆ ಸಿಹಿ ಎಂಬ ಲೆಕ್ಕ ಕೊಡುತ್ತಾನೆ. ಔತಣದ ಲೆಕ್ಕ ಹೇಳುವಾಗ ಉಂಡವರು ಸ್ವಲ್ಪ ಕೂಡಿಸಿ ಹೇಳುವುದು ಎಲ್ಲ ಕಾಲಕ್ಕೂ ಇದ್ದದ್ದೇ. ನಾವು ಅದನ್ನು ಅರ್ಧಕ್ಕಿಳಿಸಿಯೇ ಓದೋಣ. ಉಳಿದದ್ದೂ ಕಡಿಮೆಯಲ್ಲ.

ನಮ್ಮ ವಾದಕ್ಕೆ ಮುಖ್ಯವಾದ ಸಂಗತಿ ಬೇರೊಂದು. ಜನ್ಮ ತಾರೀಖಿನ ಬಗ್ಗೆ ಭಿನ್ನಾಭಿಪ್ರಾಯವಿದ್ದ ಕಾರಣ ಕೋಕ್‌ಬುರಿ ಒಂದು ವರ್ಷ ರಬೀವುಲ್ ಅವ್ವಲ್ 8ರಂದು, ಮರುವರ್ಷ 12ರಂದು ಆಚರಿಸುತ್ತಿದ್ದ ಎಂದು ಇಬ್ನ್ ಖಲ್ಲಿಕಾನ್ ಬರೆಯುತ್ತಾನೆ. ಇದನ್ನು ಓದುಗರು ಗಮನಿಸಬೇಕು. ಈದುಲ್ ಫಿತ್ರನ್ನು ಯಾರೂ ಹೀಗೆ ವರ್ಷ ಬಿಟ್ಟು ವರ್ಷ ಬದಲಿಸಲಾರರು. ಅದು ಆರಾಧನೆ, ಅದರ ದಿನ ನಿಗದಿಯಾದದ್ದು. ಮೀಲಾದನ್ನು ಸರಿಸಬಹುದಿತ್ತು. ಅದನ್ನು ಆರಂಭಿಸಿದವರಿಗೇ ಅದು ಮನುಷ್ಯರು ಮಾಡಿಕೊಂಡ ಏರ್ಪಾಡು ಎಂಬ ಅರಿವಿತ್ತು.

ಕೋಕ್‌ಬುರಿಯ ದಾನದ ಬಗ್ಗೆಯೂ ಇಬ್ನ್ ಖಲ್ಲಿಕಾನ್ ಬರೆದಿದ್ದಾನೆ. ಕುರುಡರಿಗೂ ದೀರ್ಘರೋಗಿಗಳಿಗೂ ನಾಲ್ಕು ಆಶ್ರಯಧಾಮಗಳು, ವಿಧವೆಯರಿಗೊಂದು ಮನೆ, ಅನಾಥರಿಗೊಂದು, ಬೀದಿಯಲ್ಲಿ ಸಿಕ್ಕ ಹಸುಗೂಸುಗಳಿಗೆ ದಾದಿಯರಿರುವ ಇನ್ನೊಂದು. ಕ್ರುಸೇಡರ ಸೆರೆಯಲ್ಲಿದ್ದವರನ್ನು ಹಣ ಕೊಟ್ಟು ಬಿಡಿಸುವ ವ್ಯವಸ್ಥೆ. ಅವನು ಸ್ವತಃ ಐದು ದಿರ್ಹಮ್ ಬೆಲೆಬಾಳದ ಒರಟು ಅಂಗಿ ತೊಡುತ್ತಿದ್ದ, ಅದಕ್ಕಾಗಿ ಹೆಂಡತಿ ಗದರುತ್ತಿದ್ದಳು ಎಂದೂ ಚರಿತ್ರಕಾರರು ಹೇಳುತ್ತಾರೆ. ಫಾತಿಮಿಗಳ ಸಿಹಿತಟ್ಟೆಗೂ ಇರ್ಬಿಲಿನ ಪಂಕ್ತಿಗೂ ಇರುವ ಅಂತರ ಇಲ್ಲಿದೆ. ಎರಡಕ್ಕೂ ಹೆಸರು ಮೌಲಿದ್ ಎಂದೇ.

ಇರ್ಬಿಲಿನ ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆವು. 1207ರಲ್ಲಿ ಅಂದಲೂಸಿನ ವಿದ್ವಾಂಸ ಇಬ್ನ್ ದಿಹ್ಯಾ ಈ ದಾರಿಯಲ್ಲಿ ಹೋಗುವಾಗ ದೊರೆಯ ಉತ್ಸಾಹ ಕಂಡು ಪ್ರವಾದಿ ಜನನದ ಬಗ್ಗೆ ಒಂದು ಗ್ರಂಥ ಬರೆದು ಓದಿ 1000 ದೀನಾರ್ ಬಹುಮಾನ ಪಡೆದ. ಗ್ರಂಥದ ಕೊನೆಯಲ್ಲಿ ಒಂದು ಪ್ರಶಸ್ತಿಗೀತೆಯಿತ್ತು. ಆಮೇಲೆ ನೋಡಿದರೆ ಅದು ಇಬ್ನ್ ಮಮ್ಮಾತಿ ಎಂಬ ಬೇರೊಬ್ಬ ಕವಿಯ ಸಂಗ್ರಹದಲ್ಲಿದ್ದ ಪದ್ಯ! ಮೀಲಾದಿನ ವೇದಿಕೆಯಲ್ಲಿ ಹಣ ಮಾಡಿಕೊಳ್ಳುವ ಭಾಷಣಕಾರರು ಇಂದಿನವರು ಮಾತ್ರ ಎಂದು ಯಾರೂ ತಿಳಿಯಬೇಕಾಗಿಲ್ಲ.

ಇತ್ತ ಇರ್ಬಿಲಿನಲ್ಲಿ ಹೀಗಿದ್ದರೆ, ಅತ್ತ ಮುಸ್ಲಿಮ್ ಜಗತ್ತಿನ ಪಶ್ಚಿಮದ ತುದಿಯಲ್ಲಿ, ಜಿಬ್ರಾಲ್ಟರ್ ಜಲಸಂಧಿಯ ಆಫ್ರಿಕಾ ದಡದ ಸಬ್ತಾ ಪಟ್ಟಣದಲ್ಲಿ, ಮೀಲಾದ್ ಬೇರೆಯೇ ಕಾರಣಕ್ಕೆ ಹುಟ್ಟಿತು. ಅಲ್ಲಿನ ಖಾಝಿ ಮನೆತನದ ಅಬುಲ್ ಅಬ್ಬಾಸ್ ಅಲ್ ಅಝಫಿಯ (ನಿಧನ 1236) ಚಿಂತೆ ಮಕ್ಕಳದ್ದು. ಅಂದಲೂಸಿನ ಮುಸ್ಲಿಮರು ನೆರೆಯ ಕ್ರೈಸ್ತರೊಂದಿಗೆ ಕ್ರಿಸ್‌ಮಸ್, ಹೊಸವರ್ಷ, ಸಂತ ಯೋಹಾನನ ಹಬ್ಬಗಳನ್ನು ಸಿಹಿತಿಂಡಿ ಮಾಡಿ, ಉಡುಗೊರೆ ಹಂಚಿ ಆಚರಿಸುತ್ತಿದ್ದರು. ಬೇಡವೆಂದು ಬುದ್ಧಿ ಹೇಳಿದರೆ ಕೇಳುವವರಿರಲಿಲ್ಲ. ಕೈಯಲ್ಲಿರುವ ಸಿಹಿ ಕಿತ್ತುಕೊಂಡರೆ ಮಗು ಅಳುತ್ತದೆ, ಬದಲಿಗೆ ಇನ್ನೊಂದು ಕೊಡಬೇಕು ಎಂಬುದು ಅಝಫಿಗೆ ಹೊಳೆಯಿತು. ಪ್ರವಾದಿ(ಸ)ಯವರ ಜನ್ಮದಿನವನ್ನು ಮಕ್ಕಳಿಗೆ ಹೇಳಿಕೊಡುವಂತೆ, ಆ ದಿನ ಅವರಿಗೆ ಸಂತಸವಾಗುವಂತೆ ನೋಡಿಕೊಳ್ಳಲು ಅವನು ಮೊದಲು ಹೋದದ್ದು ಮಕ್ಕಳ ಓದುಶಾಲೆಗಳಿಗೆ. ಅವನು ಬರೆಯತೊಡಗಿದ ಗ್ರಂಥವನ್ನು ಮುಗಿಸಿದ್ದು ಮಗ ಅಬುಲ್ ಕಾಸಿಮ್. 1250ರಲ್ಲಿ ಸಬ್ತಾದ ಆಡಳಿತ ಕೈಗೆ ಬಂದ ಮೇಲೆ ಆತ ಅದನ್ನು ಊರ ಹಬ್ಬವಾಗಿ ಮಾಡಿದ. 1292ರಲ್ಲಿ ಮೊರಾಕೊದ ಮರೀನಿ ಸುಲ್ತಾನ ಇಡೀ ರಾಜ್ಯಕ್ಕೆ ಅದನ್ನು ವಿಧಿಸಿದ.

ವಿಪರ್ಯಾಸ ನೋಡಿ. ಇಂದು ಮೀಲಾದನ್ನು ವಿರೋಧಿಸುವವರ ಒಂದು ವಾದ ಅದು ಕ್ರೈಸ್ತರ ಅನುಕರಣೆ ಎಂಬುದು. ಸಬ್ತಾದಲ್ಲಿ ಅದು ಹುಟ್ಟಿದ್ದೇ ಕ್ರೈಸ್ತರ ಅನುಕರಣೆಯನ್ನು ತಡೆಯಲಿಕ್ಕೆ. ಎರಡೂ ನಿಜವೇ. ಅನುಕರಣೆಯನ್ನು ಅನುಕರಣೆಯಿಂದಲೇ ತಡೆಯುವುದು ಸರಿಯೇ ಎಂದು ಕೇಳಬಹುದು. ಮಕ್ಕಳಿರುವ ಮನೆಯವರು ಉತ್ತರಿಸಲಿ.

ಇನ್ನು ವಿದ್ವಾಂಸರ ವಾದ. ಅಲೆಕ್ಸಾಂಡ್ರಿಯಾದ ಮಾಲಿಕೀ ಪಂಡಿತ ತಾಜುದ್ದೀನ್ ಅಲ್ ಫಾಕಿಹಾನಿ ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಮೀಲಾದಿನ ವಿರುದ್ಧ ಒಂದು ಸಣ್ಣ ಪುಸ್ತಕ ಬರೆದರು. ಕುರ್‌ಆನ್‌ನಲ್ಲಿ ಇದಕ್ಕೆ ಆಧಾರವಿಲ್ಲ, ಸುನ್ನತಿನಲ್ಲಿಲ್ಲ, ಹೊಟ್ಟೆಬಾಕರು ಹೊಟ್ಟೆ ತುಂಬಿಸಿಕೊಳ್ಳಲು ಕಂಡುಕೊಂಡ ದಾರಿಯಿದು ಎಂಬುದು ಅವರ ಖಾರವಾದ ಮಾತಿನ ಸಾರ. ಅವರು ಇನ್ನೊಂದು ಪ್ರಶ್ನೆಯನ್ನೂ ಎತ್ತಿದರು: ಪ್ರವಾದಿ(ಸ) ನಿಧನರಾದದ್ದೂ ಇದೇ ತಿಂಗಳಲ್ಲಿ. ಹಾಗಿರುವಾಗ ದುಃಖಕ್ಕಿಂತ ಸಂತಸವೇ ಯಾಕೆ ಹೆಚ್ಚು ಯೋಗ್ಯವಾಗಬೇಕು? ಗಟ್ಟಿ ಪ್ರಶ್ನೆ. ಇದಕ್ಕೆ ಸುಮಾರು ಒಂದೂವರೆ ಶತಮಾನದ ಬಳಿಕ ಕೈರೋದ ಜಲಾಲುದ್ದೀನ್ ಸುಯೂತಿ (ನಿಧನ 1505) ಉತ್ತರ ಕೊಟ್ಟರು. ಮಗು ಹುಟ್ಟಿದರೆ ಅಕೀಕಾ ಕೊಟ್ಟು ಹಂಚಿ ತಿನ್ನಿ ಎನ್ನುತ್ತದೆ ಶರೀಅತ್, ಸತ್ತರೆ ಸಹನೆಯಿಂದ ಮೌನವಾಗಿರಿ ಎನ್ನುತ್ತದೆ, ಆದ್ದರಿಂದ ಈ ತಿಂಗಳಲ್ಲಿ ಕೃತಜ್ಞತೆ ತೋರುವುದೇ ಶರೀಅತಿನ ಸ್ವಭಾವಕ್ಕೆ ಹತ್ತಿರ ಎಂದು.

ಸುಯೂತಿಯವರಿಗಿಂತ ಮೊದಲಿನ ಹದೀಸ್ ವಿದ್ವಾಂಸ ಇಬ್ನ್ ಹಜರ್ ಅಸ್ಕಲಾನಿ (ನಿಧನ 1449) ಕೂಡ ಇದನ್ನು ಬಿದ್‌ಅತ್ ಎಂದೇ ಒಪ್ಪಿಕೊಳ್ಳುತ್ತಾರೆ. ಮೊದಲ ಮೂರು ತಲೆಮಾರುಗಳಲ್ಲಿ ಇರಲಿಲ್ಲವೆಂದು ಅವರೂ ಹೇಳುತ್ತಾರೆ. ಆದರೆ ಒಳಿತನ್ನು ಉಳಿಸಿಕೊಂಡು ಕೆಡುಕನ್ನು ಬಿಟ್ಟರೆ ಅದು ಒಳ್ಳೆಯ ಬಿದ್‌ಅತ್ ಎನ್ನುತ್ತಾರೆ. ಆಧಾರವಾಗಿ ಅವರು ತೋರಿಸುವುದು ಆಶೂರಾ ಉಪವಾಸವನ್ನು. ಮೂಸಾ(ಅ)ರ ವಿಮೋಚನೆಯ ನೆನಪಿಗೆ ಮದೀನಾದ ಯಹೂದಿಗಳು ಉಪವಾಸ ಮಾಡುತ್ತಿದ್ದುದನ್ನು ಕಂಡು ಪ್ರವಾದಿ(ಸ) ತಾವೂ ಮಾಡಿದರಲ್ಲ, ಅನುಗ್ರಹ ಸಿಕ್ಕ ದಿನವನ್ನು ಕೃತಜ್ಞತೆಯಿಂದ ನೆನೆಯಬಹುದು ಎಂಬುದಕ್ಕೆ ಅದು ಮಾದರಿ ಎಂದು.

ಎದುರು ಪಕ್ಷದಲ್ಲಿ ಎಲ್ಲರೂ ಉದ್ಧರಿಸುವ ಇಬ್ನ್ ತೈಮಿಯ್ಯಾ (ನಿಧನ 1328) ಹೇಳಿದ್ದೇನು? ಆಚರಣೆ ಸರಿಯಲ್ಲ, ಒಳಿತಾಗಿದ್ದರೆ ಸಹಾಬಿಗಳು ಮಾಡುತ್ತಿದ್ದರು, ಅವರಿಗೆ ಪ್ರವಾದಿ(ಸ)ಯವರ ಮೇಲೆ ನಮಗಿಂತ ಹೆಚ್ಚು ಪ್ರೀತಿಯಿತ್ತು. ಇದು ಅವರ ಸ್ಪಷ್ಟ ನಿಲುವು. ಆದರೆ ಅದೇ ಗ್ರಂಥದಲ್ಲಿ, ಪ್ರೀತಿಯಿಂದ, ಸದುದ್ದೇಶದಿಂದ ಮಾಡುವವನಿಗೆ ಆ ಪ್ರೀತಿಗೂ ಉದ್ದೇಶಕ್ಕೂ ಪ್ರತಿಫಲ ಸಿಗಬಹುದು ಎಂದೂ ಬರೆದಿದ್ದಾರೆ. ಕರಪತ್ರದಲ್ಲಿ ಮೊದಲ ವಾಕ್ಯಕ್ಕೆ ಜಾಗ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಇಬ್ನ್ ಹಜರರ ವಿಷಯದಲ್ಲಿ ಹಸಿರು ಕರಪತ್ರವೂ ಹೀಗೆಯೇ ಮಾಡುತ್ತದೆ. ಕೆಡುಕನ್ನು ಬಿಟ್ಟರೆ ಎಂಬ ಷರತ್ತು ಅಲ್ಲಿ ಮಾಯವಾಗಿರುತ್ತದೆ.

ಅಧಿಕಾರ ಈ ದಿನವನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದಕ್ಕೆ 1798ರ ಕೈರೋಗಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟನ್ನು ಆಕ್ರಮಿಸಿದ್ದ. ಆಗಸ್ಟ್ ಆರಂಭದಲ್ಲಿ ಅವನ ನೌಕಾಪಡೆಯನ್ನು ಬ್ರಿಟಿಷರು ನಾಶ ಮಾಡಿದ್ದರು. ಅದೇ ತಿಂಗಳಲ್ಲಿ ಮೀಲಾದ್ ಬಂತು. ಚರಿತ್ರಕಾರ ಅಲ್ ಜಬರ್ತಿ ಆಗ ನಗರದಲ್ಲೇ ಇದ್ದವನು. ಅವನ ಪ್ರಕಾರ, ಈ ಬಾರಿ ಯಾಕೆ ಆಚರಣೆಯಿಲ್ಲವೆಂದು ನೆಪೋಲಿಯನ್ ಕೇಳಿದಾಗ ಶೇಖ್ ಅಲ್ ಬಕ್ರಿ ಕಾಲ ಸರಿಯಿಲ್ಲ, ಹಣವಿಲ್ಲ ಎಂದು ನುಣುಚಿಕೊಂಡರು. ನೆಪೋಲಿಯನ್ ಬಿಡಲಿಲ್ಲ. 300 ರಿಯಾಲ್ ಕೊಟ್ಟು ನಡೆಸಲೇಬೇಕೆಂದ. ಫ್ರೆಂಚ್ ಸೇನೆಯ ಡೋಲು, ಕೊಂಬು, ಬಾಣಬಿರುಸು ಸಹಿತ ಪ್ರವಾದಿ ಜನ್ಮದಿನ ನಡೆಯಿತು. ಪರಾಧೀನರಾದ ಜನ ದುಃಖದಿಂದ ಕೈಬಿಟ್ಟ ಸಂತಸವನ್ನು ದಾಳಿಕೋರ ತಾನೇ ಖರ್ಚು ಕೊಟ್ಟು ಹೇರಿದ್ದ. ಅಕ್ಟೋಬರಿನಲ್ಲಿ ಕೈರೋ ದಂಗೆಯೆದ್ದಾಗ ಅದೇ ಸೇನೆ ಅಲ್ ಅಝ್‌ಹರ್ ಮಸೀದಿಯೊಳಕ್ಕೆ ಕುದುರೆಗಳನ್ನು ನುಗ್ಗಿಸಿತು.

ನಮ್ಮ ನಾಡಿಗೆ ಬಂದರೆ, ಹಳಬರ ಬಾಯಲ್ಲಿ ಈ ದಿನದ ಹೆಸರು ಈದ್ ಮೀಲಾದ್ ಅಲ್ಲ, ಬಾರಾ ವಫಾತ್. ಅಂದರೆ ಹನ್ನೆರಡನೆಯ ದಿನದ ಮರಣ. ದಖ್ಖನಿನ ಮುಸ್ಲಿಮರ ಆಚಾರಗಳ ಬಗ್ಗೆ ಜಾಫರ್ ಶರೀಫ್ ಬರೆದು 1832ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂದ ಕಾನೂನೆ ಇಸ್ಲಾಮ್ ಎಂಬ ಗ್ರಂಥದಲ್ಲೂ ಇದು ಬಾರಾ ವಫಾತ್ ಆಗಿಯೇ ಬರುತ್ತದೆ. ಫಾತಿಹಾ ಓದಿ ಅನ್ನ ಹಂಚುವ, ನಿಧನವನ್ನು ನೆನೆಯುವ ದಿನವಾಗಿ. ಫಾಕಿಹಾನಿಯವರ ಪ್ರಶ್ನೆಗೆ ದಖ್ಖನಿನ ಜನ ಹಾಗೆ ಉತ್ತರ ಕೊಟ್ಟಿದ್ದರು. ಮರಣದ ಹೆಸರು ಹೋಗಿ ಜನನದ ಹೆಸರು ಬಂದದ್ದು, ಮನೆಯೊಳಗಿನ ಫಾತಿಹಾ ಬೀದಿಯ ಮೆರವಣಿಗೆಯಾದದ್ದು ಇತ್ತೀಚಿನ ಕಾಲದ ಮಾತು.

ಆದರೆ ಅದಕ್ಕೂ ಮೊದಲು ಶ್ರೀರಂಗಪಟ್ಟಣದಲ್ಲಿ ಒಂದು ವಿಶಿಷ್ಟ ಪ್ರಯೋಗ ನಡೆದಿತ್ತು. ಟಿಪ್ಪು ಸುಲ್ತಾನ್ 1787ರ ಹೊತ್ತಿಗೆ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದ. ಅವನ ನಾಣ್ಯಗಳಲ್ಲಿ 1200ರ ಬಳಿಕ ಒಮ್ಮೆಲೇ 1215 ಕಾಣಿಸುತ್ತದೆ, ಅದೂ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದು. ಹೆಸರು ಜನ್ಮವನ್ನು ಸೂಚಿಸುತ್ತದೆ. ಎಣಿಕೆ ಶುರುವಾಗುವುದು ದೌತ್ಯದಿಂದ ಎಂಬ ವಾದವೂ ಚರಿತ್ರಕಾರರಲ್ಲಿ ಇದೆ. ಈ ಶಕೆಯ ತಿಂಗಳು, ವರ್ಷಗಳು ನಡೆದದ್ದು ಮಾತ್ರ ನಮ್ಮ ನಾಡಿನ ಚಾಂದ್ರಸೌರಮಾನದ ಪ್ರಕಾರ, 60 ಸಂವತ್ಸರಗಳ ಚಕ್ರದಲ್ಲಿ. ಉಮರ್‌(ರ)ರ ಸಭೆಯಲ್ಲಿ ಬಿಟ್ಟುಕೊಟ್ಟ ಆಯ್ಕೆಗೆ ಮೈಸೂರಿನ ಸುಲ್ತಾನನೊಬ್ಬ ಯುಗಾದಿಯ ಪಂಚಾಂಗವನ್ನು ಜೋಡಿಸಿದ್ದ. 1799ರಲ್ಲಿ ಅವನೊಂದಿಗೇ ಅದೂ ಮುಗಿಯಿತು.

ಕರಾವಳಿಯ ಬ್ಯಾರಿಗಳ ಮನೆಗಳಲ್ಲಿ ಓದುವ ಮನ್ಕೂಸ್ ಮೌಲೂದಿನ ಕತೆ ಬೇರೆ. ಅದು ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮ್ (ನಿಧನ 1522) ಅವರದೆಂದು ಪರಂಪರೆ ಹೇಳುತ್ತದೆ. ಸಾಂಕ್ರಾಮಿಕ ರೋಗ ಹಬ್ಬಿದಾಗ ಮನೆಮನೆಗಳಲ್ಲಿ ಓದಲೆಂದು ಸಿದ್ಧಪಡಿಸಿದ್ದಂತೆ. ಮನ್ಕೂಸ್ ಎಂದರೆ ಸಂಕ್ಷಿಪ್ತ. ಪೋರ್ಚುಗೀಸರ ಹಾವಳಿಯ ಕಾಲವದು. ಅದು ರಬೀವುಲ್ ಅವ್ವಲಿಗೆ ಮಾತ್ರ ಸೀಮಿತವಲ್ಲ. ಹೊಸ ಮನೆಗೆ, ಮದುವೆಗೆ, ಕಾಯಿಲೆಗೆ ಎಲ್ಲಕ್ಕೂ ಓದುತ್ತಾರೆ. ಅರಬಿ ಅರ್ಥವಾಗದಿದ್ದರೂ ರಾಗ ಎಲ್ಲರಿಗೂ ಗೊತ್ತು. ಮೊದಲು ಹೇಳಿದ ಆ ಮನೆಯ ತಮ್ಮನಿಗೂ ಗೊತ್ತು. ಗೋಡೆಯಾಚೆಯಿಂದ ಕೇಳಿಸಿದರೆ ತುಟಿ ತಾನಾಗಿ ಅಲುಗುತ್ತದೆ ಎಂದು ಒಮ್ಮೆ ನಮ್ಮಲ್ಲಿ ಹೇಳಿಕೊಂಡದ್ದುಂಟು.

ಉತ್ತರ ಭಾರತದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ಜಗಳ ಬಣಗಳ ಗುರುತಾಯಿತು. ದೇವ್‌ಬಂದಿನ ರಶೀದ್ ಅಹ್ಮದ್ ಗಂಗೋಹಿ ಮೀಲಾದ್ ಸಭೆಗಳನ್ನು ವಿರೋಧಿಸಿದರು. ಬರೇಲಿಯ ಅಹ್ಮದ್ ರಝಾ ಖಾನ್ ಅದನ್ನೂ ಅಲ್ಲಿ ಎದ್ದು ನಿಲ್ಲುವ ಕಿಯಾಮನ್ನೂ ಸಮರ್ಥಿಸಿದರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಗಂಗೋಹಿಯವರ ಗುರು ಹಾಜಿ ಇಮ್ದಾದುಲ್ಲಾ (1817-1899) ಮೀಲಾದಿನಲ್ಲಿ ಭಾಗವಹಿಸುತ್ತಿದ್ದವರು ಎಂಬುದನ್ನು ಎರಡೂ ಬಣಗಳವರು ಹೆಚ್ಚು ಹೇಳುವುದಿಲ್ಲ. 1857ರ ಬಂಡಾಯದ ಬಳಿಕ ಮಕ್ಕಾಕ್ಕೆ ಹೋಗಿ ನೆಲೆಸಿದ ಅವರು, ಶಿಷ್ಯರು ಪರಸ್ಪರ ಕಚ್ಚಾಡುವುದನ್ನು ಕಂಡು ಏಳು ವಿವಾದಗಳ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಹೊರತಂದರು. ಫೈಸಲಾ ಹಫ್ತ್ ಮಸಲಾ ಎಂದು ಅದರ ಹೆಸರು. ಅದರಲ್ಲಿ ಮೊದಲನೆಯದೇ ಮೌಲೂದ್. ತಾನು ಸಭೆ ನಡೆಸುತ್ತೇನೆ, ನಿಲ್ಲುತ್ತೇನೆ, ಅದರಲ್ಲಿ ಆನಂದ ಕಾಣುತ್ತೇನೆ. ಆದರೆ ಇದನ್ನು ಕಡ್ಡಾಯವೆಂದು ತಿಳಿಯುವುದು ತಪ್ಪು, ಮಾಡದವರನ್ನು ದೂಷಿಸುವುದು ತಪ್ಪು, ಮಾಡುವವರನ್ನು ದಾರಿ ತಪ್ಪಿದವರೆನ್ನುವುದೂ ತಪ್ಪು ಎಂಬುದು ಅದರ ಒಟ್ಟು ಧೋರಣೆ. ಶಿಷ್ಯ ಒಪ್ಪಲಿಲ್ಲ. ಗುರು ಶಿಷ್ಯನನ್ನು ಬಿಡಲಿಲ್ಲ, ಶಿಷ್ಯ ಗುರುವನ್ನೂ ಬಿಡಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ವಿವಾದದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಪ್ರಬುದ್ಧವಾದ ಘಟನೆ ಇನ್ನೊಂದಿಲ್ಲ.

ಹಾಗಾದರೆ ನಿಮ್ಮ ನಿಲುವೇನು ಎಂದು ಓದುಗರು ಕೇಳುತ್ತಾರೆ. ಮುಚ್ಚಿಡುವುದೇನಿಲ್ಲ. ಮೀಲಾದನ್ನು ಮೂರನೇ ಈದ್ ಎನ್ನಲು ನಾವು ಸಿದ್ಧರಿಲ್ಲ. ಇಸ್ಲಾಮಿನಲ್ಲಿ ಈದ್ ಎರಡೇ. ಆಚರಿಸದವನಿಗೆ ಪ್ರವಾದಿ ಪ್ರೇಮವಿಲ್ಲ ಎನ್ನುವವರೊಂದಿಗೂ ನಾವಿಲ್ಲ, ಸಹಾಬಿಗಳೇ ಆಚರಿಸಿರಲಿಲ್ಲ. ಆದರೆ ಪ್ರವಾದಿ(ಸ)ಯವರ ಹೆಸರಿನಲ್ಲಿ ಅನ್ನ ಬೇಯಿಸಿದವನ ಅನ್ನವನ್ನು ಹರಾಮ್ ಎಂಬಂತೆ ಕಾಣುವುದು ನಮಗೆ ಅರ್ಥವಾಗದ ಮಾತು. ಜನ್ಮದಿನಗಳನ್ನು ಕಟುವಾಗಿ ನಿಷೇಧಿಸಿದ ವಿದ್ವಾಂಸರಿದ್ದ ಸೌದಿ ಅರೇಬಿಯಾದಲ್ಲಿ ಮೀಲಾದಿಗೆ ರಜೆಯಿಲ್ಲ. ಆದರೆ ಸೆಪ್ಟೆಂಬರ್ 23ರ ರಾಷ್ಟ್ರೀಯ ದಿನಕ್ಕೆ 2005ರಿಂದ ರಜೆಯಿದೆ, 2022ರಿಂದ ಫೆಬ್ರವರಿ 22ಕ್ಕೆ ಸಂಸ್ಥಾಪನಾ ದಿನವೆಂದು ಇನ್ನೊಂದಿದೆ. ಫಾತಿಮಿಗಳ ಆರನೆಯ ಜನ್ಮದಿನ ನೆನಪಾಗುತ್ತದೆ. ನಮ್ಮಲ್ಲಿ 1990ರ ಆಗಸ್ಟ್ 15ರಂದು ಪ್ರಧಾನಿ ವಿ.ಪಿ. ಸಿಂಗ್ ಕೆಂಪುಕೋಟೆಯಿಂದ ಮೀಲಾದಿಗೆ ರಜೆ ಘೋಷಿಸಿದರು. ಅದರಲ್ಲೂ ರಾಜಕೀಯ ಇರಲಿಲ್ಲವೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಮೆರವಣಿಗೆಗಳಲ್ಲಿ ಕಿವಿ ಕಿವುಡಾಗುವ ಧ್ವನಿಪೆಟ್ಟಿಗೆಗಳು ಬಂದಿವೆ. ಆಸ್ಪತ್ರೆಯ ಮುಂದೆಯೂ ಅದನ್ನು ಮೊಳಗಿಸುವ ಯುವಕರು ಯಾರ ಜನ್ಮದಿನ ಆಚರಿಸುತ್ತಿದ್ದಾರೆಂದು ನಮಗೆ ತಿಳಿಯದು. ಇಬ್ನ್ ಹಜರರ ಷರತ್ತು ಇರುವುದು ಇಂಥವಕ್ಕೇ.

2023ರಲ್ಲಿ ಮೀಲಾದ್ ಬಿದ್ದದ್ದು ಸೆಪ್ಟೆಂಬರ್ 28ರಂದು. ಅದೇ ದಿನ ಅನಂತ ಚತುರ್ದಶಿ, ಮುಂಬೈಯಲ್ಲಿ ಗಣೇಶ ವಿಸರ್ಜನೆ. 1919ರಿಂದ ಬೈಕುಲಾದ ಖಿಲಾಫತ್ ಹೌಸ್‌ನಿಂದ ಮೆರವಣಿಗೆ ನಡೆಸುತ್ತ ಬಂದಿರುವ ಖಿಲಾಫತ್ ಸಮಿತಿಯವರು ಕೂಡಿ ಮಾತಾಡಿ ಮೆರವಣಿಗೆಯನ್ನು ಮರುದಿನಕ್ಕೆ ಸರಿಸಿದರು. 2024ರಲ್ಲಿ 16ರದ್ದು 18ಕ್ಕೆ ಹೋಯಿತು. ಸಾವಿರದ ಐನೂರನೆಯ ವರ್ಷವೆಂದು ದೊಡ್ಡ ಸಿದ್ಧತೆಯಿದ್ದ 2025ರಲ್ಲೂ ಸೆಪ್ಟೆಂಬರ್ 5ರ ಬದಲು 8ರಂದು ಹೊರಟರು, ಸರಕಾರ ಮುಂಬೈಯ ಮಟ್ಟಿಗೆ ರಜೆಯನ್ನೂ ಆ ದಿನಕ್ಕೆ ಬದಲಿಸಿತು. ತಾರೀಖು ಬದಲಿಸಲು ನಿಮಗೆ ಅಧಿಕಾರ ಕೊಟ್ಟವರಾರು ಎಂದು ಕೇಳಿದವರೂ ಇದ್ದರು. ಅವರಿಗೆ ಇರ್ಬಿಲಿನ ದೊರೆ ಒಂದು ವರ್ಷ 8ಕ್ಕೆ, ಮರುವರ್ಷ 12ಕ್ಕೆ ಮೇಣದಬತ್ತಿ ಹಚ್ಚುತ್ತಿದ್ದುದು ಗೊತ್ತಿರಲಿಕ್ಕಿಲ್ಲ.